ಗೆಲ್ಲದವನಿಗೆ ಹಾಕಿದ ಮತ

ಈ ವರ್ಷದ ಸ್ಮರಣ ಸಂಚಿಕೆಗೆ ಆರೋಗ್ಯದ ಕುರಿತು ಏನಾದರೂ ಬರೆದು ಕಳುಹಿಸಬೇಕೆಂದು ಸಂಘದ ಸಂಪಾದಕ ಮಿತ್ರರು ಕೇಳಿಕೊಂಡಾಗ ನನಗೆ ಸಂಕೋಚವಾಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು ಮೊದಲಾದ ವಿಷಯಗಳನ್ನು ಅಧಿಕಾರಯುತವಾಗಿ ಬರೆಯಬಲ್ಲ ವೈದ್ಯ ಬಂಧುಗಳು ನಮ್ಮ ಸಂಘದಲ್ಲಿಯೇ ಇದ್ದಾರೆ. ನಾನಾದರೋ ವಾಣಿಜ್ಯ ಶಾಸ್ತ್ರದ ಪದವೀಧರ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬಾಳಿದವನು. ದೆಹಲಿಯಲ್ಲಿ ಕೆಲವು ವರ್ಷ ನಿಮ್ಮೆಲ್ಲರೊಡನಿದ್ದು, ವರ್ಗವಾಗಿ ವಾರಾಣಸಿಗೆ ಬಂದವನು. ಆದುದರಿಂದ ದೇಹದ ಆರೋಗ್ಯವನ್ನು ಬಲ್ಲವರಿಗೆ ಬಿಟ್ಟು, ನಾಗರಿಕನ ಕರ್ತವ್ಯಕ್ಕೆ ಸೇರಿದ ಒಂದು ಪ್ರಶ್ನೆಯನ್ನು ಓದುಗರ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಆ ಪ್ರಶ್ನೆ ಇದು: ಮನಸ್ಸಿಗೆ ಒಪ್ಪಿದ, ಆದರೆ ಗೆಲ್ಲಲಾರದ ಚಿಕ್ಕ ಪಕ್ಷಕ್ಕೆ ಮತ ಹಾಕುವುದು ಸರಿಯೋ, ಅಥವಾ ಗೆಲ್ಲಬಲ್ಲ ಇಬ್ಬರಲ್ಲಿ ಕಡಿಮೆ ಕೆಟ್ಟವನನ್ನು ಆರಿಸುವುದು ಸರಿಯೋ?

ಒಂದು ಮಾತನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಬ್ಯಾಂಕ್ ಅಧಿಕಾರಿಗಳ ನಡತೆಯ ನಿಯಮಗಳು ರಾಜಕೀಯದಲ್ಲಿ ಭಾಗವಹಿಸುವುದನ್ನು ನಿಷೇಧಿಸುತ್ತವೆ. ಈ ಲೇಖನದಲ್ಲಿ ಪಕ್ಷಗಳ ಹೆಸರುಗಳು ಬರುತ್ತವೆ. ಅವು ಉದಾಹರಣೆಗಾಗಿ ಮಾತ್ರ. ಯಾವ ಪಕ್ಷವನ್ನೂ ಹೊಗಳುವ ಅಥವಾ ತೆಗಳುವ ಉದ್ದೇಶ ನನ್ನದಲ್ಲ.

ಪ್ರಶ್ನೆ ಹುಟ್ಟಿದ ಬಗೆ

2024ರ ಜೂನ್ 1ರಂದು ವಾರಾಣಸಿಯಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಅನೇಕ ಬ್ಯಾಂಕ್ ಅಧಿಕಾರಿಗಳಂತೆ ನನಗೂ ಮೈಕ್ರೋ ಅಬ್ಸರ್ವರ್ ಕೆಲಸ ಬಂದಿತ್ತು. ಮತಗಟ್ಟೆಯಲ್ಲಿ ಕುಳಿತು, ಎಲ್ಲವೂ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡಿ ವರದಿ ಬರೆಯುವುದು ಈ ಕೆಲಸ. ಆ ವರ್ಷದ ಬಿಸಿಲನ್ನು ಮರೆಯುವಂತಿಲ್ಲ. ಉತ್ತರ ಪ್ರದೇಶದಲ್ಲಿ ಚುನಾವಣಾ ಕೆಲಸಕ್ಕೆ ಹೋದ ಹಲವರು ಬಿಸಿಲಿನ ಹೊಡೆತಕ್ಕೆ ಪ್ರಾಣವನ್ನೇ ತೆತ್ತರು. ಹೊರಡುವ ಹಿಂದಿನ ರಾತ್ರಿ ಮನೆಯಾಕೆ ಚೀಲದಲ್ಲಿ ಉಪ್ಪು–ಸಕ್ಕರೆ ಬೆರೆಸಿದ ನೀರಿನ ಬಾಟಲಿಗಳನ್ನು ಇಡುತ್ತಿದ್ದಾಗ ಮಗಳು ಬಂದು ಕುಳಿತಳು. ಅವಳಿಗೆ ಅದು ಮೊದಲ ಮತ.

“ಅಪ್ಪ, ನಾನು ಯಾರಿಗೆ ಮತ ಹಾಕಬೇಕೆಂದು ನಿಶ್ಚಯಿಸಿದ್ದೇನೆ. ಆದರೆ ಅವರು ಗೆಲ್ಲುವುದಿಲ್ಲ” ಎಂದಳು.

ಕಣದಲ್ಲಿ 7 ಮಂದಿ ಅಭ್ಯರ್ಥಿಗಳಿದ್ದರು. ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದವರು ಮೊದಲ ಇಬ್ಬರಲ್ಲಿ ಒಬ್ಬರಲ್ಲ ಎಂಬುದಷ್ಟೇ ನನಗೆ ತಿಳಿದದ್ದು. ಹೆಸರನ್ನು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಭ್ಯಾಸಬಲದಿಂದ ನನ್ನ ಬಾಯಿಗೆ “ಹಾಗಾದರೆ ಆ ಮತ ವ್ಯರ್ಥವಲ್ಲವೇ?” ಎಂಬ ಮಾತು ಬಂದಿತು. ಆದರೆ ಅದನ್ನು ನುಂಗಿಕೊಂಡೆ. ಏಕೆಂದರೆ ಅದೇ ಮಾತನ್ನು ಎಂಟು ವರ್ಷಗಳ ಹಿಂದೆ ನನ್ನ ತಂದೆಯವರಿಗೆ ಹೇಳಿ, ಆಮೇಲೆ ಬಹುಕಾಲ ಚಿಂತಿಸಿದವನು ನಾನು.

ತಂದೆಯವರ ಮತ

ನಮ್ಮದು ಮಂಜೇಶ್ವರದ ಕಡೆಯ ಮನೆತನ. ತಂದೆಯವರು ಕನ್ನಡ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರಚನೆಯಾದಾಗ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರು ಇದನ್ನು ಒಪ್ಪದೆ ಕರ್ನಾಟಕ ಸಮಿತಿಯ ಹೆಸರಿನಲ್ಲಿ ಸಂಘಟಿತರಾದರು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960, 1965 ಮತ್ತು 1967ರಲ್ಲಿ ಅದೇ ಕ್ಷೇತ್ರದಿಂದ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. 1967ರಲ್ಲಿ ಕಾಸರಗೋಡು ಕ್ಷೇತ್ರವೂ ಯು. ಪಿ. ಕುಣಿಕುಳ್ಳಾಯರನ್ನು ಆರಿಸಿತು. ಅದೇ ವರ್ಷ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ತಂದೆಯವರು ಮೊದಲ ಮತ ಹಾಕಿದ್ದು ಆ ವರ್ಷವೇ. ಆಗ ಅವರ ಪಕ್ಷ ಚಿಕ್ಕದಾಗಿದ್ದರೂ ಗೆಲ್ಲುವ ಪಕ್ಷವಾಗಿತ್ತು.

ಶಿಫಾರಸು ಜಾರಿಗೆ ಬರಲಿಲ್ಲ. 1970ರಲ್ಲಿ ಮಂಜೇಶ್ವರ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರ ಪಾಲಾಯಿತು. ಅಲ್ಲಿಂದೀಚೆಗೆ ಆ ಕ್ಷೇತ್ರದ ಸ್ಪರ್ಧೆ ದೊಡ್ಡ ಪಕ್ಷಗಳ ನಡುವೆ ನಡೆದಿದೆ. ತಂದೆಯವರು ಮಾತ್ರ ಕನ್ನಡದ ಮಾತನ್ನು ಮನಃಪೂರ್ವಕವಾಗಿ ಆಡುವ ಅಭ್ಯರ್ಥಿ ಸಿಕ್ಕಿದಾಗಲೆಲ್ಲ, ಗೆಲುವು–ಸೋಲುಗಳನ್ನು ಎಣಿಸದೆ ಅವರಿಗೇ ಮತ ಹಾಕುತ್ತ ಬಂದರು.

2016ರ ಮೇ 16ರಂದು ಕೇರಳದಲ್ಲಿ ವಿಧಾನಸಭೆಗೆ ಮತದಾನ. ರಜೆಯ ಮೇಲೆ ನಾನು ಊರಿನಲ್ಲಿದ್ದೆ. ತಮಗೆ ಒಪ್ಪಿಗೆಯಾದ, ಆದರೆ ಗೆಲ್ಲುವ ಸಂಭವವೇ ಇಲ್ಲದ ಒಬ್ಬ ಅಭ್ಯರ್ಥಿಗೆ ಮತ ಹಾಕುವ ಮನಸ್ಸು ತಂದೆಯವರಿಗಿತ್ತು. ನಾನು ಕಾಗದದ ಮೇಲೆ ಅಂಕಿಗಳನ್ನು ಬರೆದು ತೋರಿಸಿದೆ. ಸ್ಪರ್ಧೆ ನಿಕಟವಾಗಿದೆ, ಒಂದೊಂದು ಮತಕ್ಕೂ ಬೆಲೆಯಿದೆ, ಇಂಥ ಸಮಯದಲ್ಲಿ ಸೋಲುವವನಿಗೆ ಮತ ಹಾಕುವುದು ವಸೂಲಾಗದ ಸಾಲ ಕೊಟ್ಟಂತೆ ಎಂದು ವಾದಿಸಿದೆ. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ದೊಡ್ಡ ಪಕ್ಷಗಳ ಅಭ್ಯರ್ಥಿಗಳಲ್ಲಿ ಒಬ್ಬರಿಗೆ ಮತ ಹಾಕಿ ಬಂದರು.

ಫಲಿತಾಂಶ ಬಂದಾಗ ನನ್ನ ಲೆಕ್ಕ ಅಕ್ಷರಶಃ ನಿಜವಾಗಿತ್ತು. ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಝಾಕ್ ಅವರಿಗೆ 56,870 ಮತಗಳು. ಭಾರತೀಯ ಜನತಾ ಪಕ್ಷದ ಕೆ. ಸುರೇಂದ್ರನ್ ಅವರಿಗೆ 56,781. ಅಂತರ ಕೇವಲ 89. ನಮ್ಮ ಮನೆಯಂಥ ಇಪ್ಪತ್ತೈದು ಮನೆಗಳವರು ಬೇರೆ ರೀತಿ ಯೋಚಿಸಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. “ನೋಡಿದಿರಾ, ನಿಮ್ಮ ಮತಕ್ಕೆ ಎಷ್ಟು ಬೆಲೆ ಬಂತು!” ಎಂದು ನಾನು ಹೆಮ್ಮೆಯಿಂದ ಹೇಳಿದೆ.

ತಂದೆಯವರು ಹೇಳಿದ್ದಿಷ್ಟೇ: “ನನ್ನ ಮತ ಯಾರನ್ನು ಗೆಲ್ಲಿಸಿತು, ಯಾರನ್ನು ಸೋಲಿಸಿತು ಎಂಬ ಲೆಕ್ಕ ನಿನ್ನಲ್ಲಿ ಉಂಟು ಮಗಾ. ನಾನು ಏನು ಕೇಳಿದೆ ಎಂಬುದು ಆ ಲೆಕ್ಕದಲ್ಲಿ ಯಾವ ಕಲಮಿನಲ್ಲಿ ಬರುತ್ತದೆ?”

ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷವೇ, 2017ರಲ್ಲಿ, ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದರು. ಎಪ್ಪತ್ತು ದಾಟಿದ ತಂದೆಯವರೂ ಬಿಸಿಲಿನಲ್ಲಿ ಹೋಗಿ ನಿಂತಿದ್ದರು. ಕನ್ನಡದ ಹೆಸರಿನಲ್ಲಿಯೇ ಗೆದ್ದು ಬಂದ ಸದಸ್ಯನೊಬ್ಬನೂ ಆಗ ತಿರುವನಂತಪುರದ ವಿಧಾನಸಭೆಯಲ್ಲಿರಲಿಲ್ಲ. ಒಬ್ಬ ಮುದುಕನ ಒಂದು ಮತದಿಂದ ಇದು ಬದಲಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಅವರ ಮತವನ್ನು ನಾನು ನನ್ನ ಬೆಲೆಪಟ್ಟಿಯಿಂದ ತೂಗಿದೆ, ಅವರದರಿಂದಲ್ಲ ಎಂಬುದು ಅಂದು ನನಗೆ ಹೊಳೆಯಿತು.

ಲೆಕ್ಕಾಚಾರದ ಮತದ ಪರವಾಗಿ

ಇಷ್ಟು ಹೇಳಿದ ಮೇಲೆ, ಲೆಕ್ಕಾಚಾರದ ಮತವನ್ನು ನಾನು ಹೀನವೆಂದು ಬಗೆಯುತ್ತೇನೆಂದು ಓದುಗರು ತಿಳಿಯಬಾರದು. ಅದಕ್ಕೆ ಬಲವಾದ ಆಧಾರವಿದೆ. ನಮ್ಮ ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ಅತ್ಯಧಿಕ ಮತ ಪಡೆದವನು ಗೆಲ್ಲುತ್ತಾನೆ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ಇಂಥ ಪದ್ಧತಿಯಲ್ಲಿ ಮತದಾರರು ಕ್ರಮೇಣ ಎರಡು ದೊಡ್ಡ ಪಕ್ಷಗಳತ್ತ ಸರಿಯುತ್ತಾರೆ ಎಂದು ಫ್ರಾನ್ಸಿನ ವಿದ್ವಾಂಸ ಮಾರಿಸ್ ಡ್ಯುವರ್ಜೆ 1951ರಷ್ಟು ಹಿಂದೆಯೇ ಪ್ರತಿಪಾದಿಸಿದರು. ಮೂರನೆಯವನಿಗೆ ಹಾಕಿದ ಮತ ತನಗೆ ಬೇಡದವನನ್ನೇ ಗೆಲ್ಲಿಸೀತೆಂಬ ಅಂಜಿಕೆಯೇ ಇದಕ್ಕೆ ಕಾರಣ.

ಆ ಅಂಜಿಕೆ ನಿರಾಧಾರವಲ್ಲ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು 40,752 ಮತ ಪಡೆದು, 40,751 ಮತ ಪಡೆದ ಎ. ಆರ್. ಕೃಷ್ಣಮೂರ್ತಿಯವರನ್ನು ಒಂದೇ ಒಂದು ಮತದಿಂದ ಸೋಲಿಸಿದರು. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16. ಮಂಜೇಶ್ವರದ 2016ರ ಚುನಾವಣೆಯಲ್ಲಿಯೇ ಬಹುಜನ ಸಮಾಜ ಪಕ್ಷದ ಅಭ್ಯರ್ಥಿಗೆ 467 ಮತಗಳು ಬಿದ್ದಿದ್ದವು. ಗೆಲುವಿನ ಅಂತರದ ಐದು ಪಟ್ಟಿಗೂ ಮಿಗಿಲು.

ನಾನಿರುವ ವಾರಾಣಸಿಯನ್ನೇ ತೆಗೆದುಕೊಳ್ಳಿ. 2009ರ ಲೋಕಸಭಾ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಮುರಳಿ ಮನೋಹರ ಜೋಶಿಯವರಿಗೆ 2,03,122 ಮತಗಳು, ಬಹುಜನ ಸಮಾಜ ಪಕ್ಷಕ್ಕೆ 1,85,911, ಸಮಾಜವಾದಿ ಪಕ್ಷಕ್ಕೆ 1,23,874, ಕಾಂಗ್ರೆಸ್ಸಿಗೆ 66,386. ಗೆದ್ದವರಿಗೆ ದೊರೆತದ್ದು ಚಲಾಯಿತವಾದ ಮತಗಳ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಅಂತರ 17,211. ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳ ಮತದಾರರಲ್ಲಿ ಹತ್ತರಲ್ಲೊಬ್ಬರು ಒಂದು ಕಡೆಗೆ ಸರಿದಿದ್ದರೂ ಫಲಿತಾಂಶದ ತಕ್ಕಡಿ ಅಲುಗಾಡುತ್ತಿತ್ತು. ಇಂಥ ಕಣದಲ್ಲಿ, ಮೊದಲ ಇಬ್ಬರ ನಡುವೆ ಯಾರು ಬೇಕು, ಯಾರು ಬೇಡ ಎಂಬ ಖಚಿತ ಅಭಿಪ್ರಾಯವುಳ್ಳ ಮತದಾರನು ತನ್ನ ಮೊದಲ ಆಯ್ಕೆಯನ್ನು ಬಿಟ್ಟು ಎರಡನೆಯದಕ್ಕೆ ಮತ ಹಾಕಿದರೆ ಅವನನ್ನು ಅವಕಾಶವಾದಿಯೆಂದು ದೂಷಿಸುವುದು ಅನ್ಯಾಯ. ಅವನೂ ಊರಿನ ಹಿತವನ್ನು ಬಯಸಿಯೇ ಹಾಗೆ ಮಾಡಿರುತ್ತಾನೆ.

ಇದು ನಮ್ಮ ಪದ್ಧತಿಯ ದೋಷವೇ ಹೊರತು ಮತದಾರನ ದೋಷವಲ್ಲವೆಂಬುದನ್ನೂ ನೆನೆಯಬೇಕು. ಆಸ್ಟ್ರೇಲಿಯದಲ್ಲಿ 1918ರಿಂದಲೇ ಮತದಾರನು ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯವನ್ನು ಸೂಚಿಸುವ ಕ್ರಮವಿದೆ. ದೂರ ಹೋಗುವುದೂ ಬೇಡ. ನಮ್ಮ ಕರ್ನಾಟಕದ ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಇದೇ ಕ್ರಮ ಜಾರಿಯಲ್ಲಿದೆ. ಅಲ್ಲಿ ಮನಸ್ಸಿಗೆ ಒಪ್ಪಿದ ಚಿಕ್ಕ ಅಭ್ಯರ್ಥಿಗೆ ಮೊದಲ ಪ್ರಾಶಸ್ತ್ಯವನ್ನು ಕೊಟ್ಟು, ಗೆಲ್ಲಬಲ್ಲವನಿಗೆ ಎರಡನೆಯದನ್ನು ಕೊಡಬಹುದು. ಮೊದಲಿನವನು ಸ್ಪರ್ಧೆಯಿಂದ ಹೊರಬಿದ್ದರೆ ಮತ ಎರಡನೆಯವನಿಗೆ ಸಲ್ಲುತ್ತದೆ. ಲೋಕಸಭೆ, ವಿಧಾನಸಭೆಗಳ ಮತದಾರನಿಗೆ ಈ ಸೌಲಭ್ಯವಿಲ್ಲ. ಅವನ ಕೈಯಲ್ಲಿರುವುದು ಒಂದೇ ಚೆಕ್ಕು, ಒಂದೇ ಹೆಸರು.

ಚಿಕ್ಕ ಪಕ್ಷದ ಪರವಾಗಿ

ಇನ್ನು ಇನ್ನೊಂದು ಪಕ್ಷದ ವಾದವನ್ನು ಕೇಳೋಣ. ಸೋತವನಿಗೆ ಬಿದ್ದ ಮತ ವ್ಯರ್ಥವೆಂಬ ಮಾತು ಸತ್ಯವಾದರೆ, 2024ರಲ್ಲಿ ವಾರಾಣಸಿಯಲ್ಲಿ ಎರಡನೆಯ ಸ್ಥಾನ ಪಡೆದ ಅಭ್ಯರ್ಥಿಯ 4,60,457 ಮತಗಳೂ ವ್ಯರ್ಥವೇ. ಅಷ್ಟೇ ಅಲ್ಲ, 1,52,513 ಮತಗಳ ಅಂತರದಿಂದ ಗೆದ್ದವರಿಗೆ ಅಗತ್ಯಕ್ಕಿಂತ ಹೆಚ್ಚಾಗಿ ಬಿದ್ದ ಮತಗಳೂ ಅದೇ ಅರ್ಥದಲ್ಲಿ ವ್ಯರ್ಥವೆನ್ನಬೇಕಾಗುತ್ತದೆ. ಹಾಗೆ ಯಾರೂ ಹೇಳುವುದಿಲ್ಲ. ಹಿಂದಿನ ಚುನಾವಣೆಯಲ್ಲಿ ಈ ಅಂತರ 4,79,505 ಇದ್ದದ್ದು ಇಷ್ಟಕ್ಕೆ ಇಳಿಯಿತೆಂದು ಎರಡೂ ಪಾಳೆಯದವರು ಗಮನಿಸಿದರು. ಸೋತವರ ಮತವೇ ಆ ಸುದ್ದಿಯನ್ನು ಉಂಟುಮಾಡಿದ್ದು.

ಚುನಾವಣೆಯ ಕಾನೂನೂ ಸೋತ ಮತವನ್ನು ಎಣಿಕೆಗೆ ತೆಗೆದುಕೊಳ್ಳುತ್ತದೆ. ಸಿಂಧು ಮತಗಳ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಪಡೆಯದವನ ಠೇವಣಿ ಮುಟ್ಟುಗೋಲಾಗುತ್ತದೆ. ಆರಂಭದಲ್ಲಿ ಲೋಕಸಭೆಗೆ 500 ರೂ. ಮತ್ತು ವಿಧಾನಸಭೆಗೆ 250 ರೂ. ಇದ್ದ ಈ ಠೇವಣಿ 1996ರಲ್ಲಿ 10,000 ಮತ್ತು 5,000 ರೂ.ಗಳಿಗೆ ಏರಿತು. ಅದೇ ವರ್ಷ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ ಸ್ಪರ್ಧಿಸಿದ್ದುದನ್ನು ಹಿರಿಯ ಓದುಗರು ಬಲ್ಲರು. 2009ರ ತಿದ್ದುಪಡಿಯಿಂದ ಅದು 25,000 ಮತ್ತು 10,000 ರೂ.ಗಳಾಗಿದೆ. ಇನ್ನೊಂದು ನಿಯಮ ಬಹಳ ಮಂದಿಗೆ ತಿಳಿದಿಲ್ಲ: ರಾಜ್ಯದಲ್ಲಿ ಶೇಕಡಾ 8ರಷ್ಟು ಸಿಂಧು ಮತ ಪಡೆದ ಪಕ್ಷ ಒಂದು ಸ್ಥಾನವನ್ನೂ ಗೆಲ್ಲದಿದ್ದರೂ ರಾಜ್ಯ ಪಕ್ಷವೆಂಬ ಮಾನ್ಯತೆ ಪಡೆಯಬಹುದು. ಚಿಕ್ಕ ಪಕ್ಷಕ್ಕೆ ಬಿದ್ದ ಮತ ಒಂದು ರೀತಿಯಲ್ಲಿ ರಿಕರಿಂಗ್ ಡಿಪಾಸಿಟ್ ಇದ್ದಂತೆ. ಕಂತು ಚಿಕ್ಕದು, ಕೈಗೆ ಬರುವುದು ವರ್ಷಗಳ ಮೇಲೆ.

ವಾರಾಣಸಿಯ ಸುತ್ತಮುತ್ತಲೇ ಇದಕ್ಕೆ ನಿದರ್ಶನವಿದೆ. 1995ರಲ್ಲಿ ಸೋನೆಲಾಲ್ ಪಟೇಲರು ಅಪ್ನಾ ದಳವೆಂಬ ಪಕ್ಷವನ್ನು ಕಟ್ಟಿದರು. 2004ರಲ್ಲಿ ವಾರಾಣಸಿ ಲೋಕಸಭಾ ಕ್ಷೇತ್ರದಲ್ಲಿ ಆ ಪಕ್ಷದ ಅಭ್ಯರ್ಥಿ 93,000ಕ್ಕೂ ಹೆಚ್ಚು ಮತ ಪಡೆದು ಮೂರನೆಯವರಾಗಿ ಸೋತರು. ಗೆದ್ದ ಕಾಂಗ್ರೆಸ್ಸಿನ ಮತ್ತು ಎರಡನೆಯ ಭಾರತೀಯ ಜನತಾ ಪಕ್ಷದ ನಡುವಿನ ಅಂತರ ಇದಕ್ಕಿಂತ ಕಡಿಮೆ. ಆಗ ಆ ಮತಗಳನ್ನು ‘ಮತ ಒಡೆದವರು’ ಎಂದು ಹಳಿದವರೇ ಹೆಚ್ಚು. 2009ರಲ್ಲಿ ಸೋನೆಲಾಲ್ ಪಟೇಲರು ತೀರಿಕೊಂಡರು. 2012ರಲ್ಲಿ ಅವರ ಮಗಳು ಅನುಪ್ರಿಯಾ ಪಟೇಲರು ಇಲ್ಲಿನ ರೋಹನಿಯಾದಿಂದ ಶಾಸಕಿಯಾದರು. 2014ರಲ್ಲಿ ದೊಡ್ಡ ಪಕ್ಷದೊಡನೆ ಮೈತ್ರಿ ಮಾಡಿಕೊಂಡು ಮಿರ್ಜಾಪುರದಿಂದ ಲೋಕಸಭೆಗೆ ಹೋದರು. 2022ರಲ್ಲಿ ಅವರ ಬಣದ 12 ಮಂದಿ ವಿಧಾನಸಭೆಗೆ ಗೆದ್ದರು. ದೊಡ್ಡ ಪಕ್ಷ ಮೈತ್ರಿಯ ಮಾತಿಗೆ ಬಂದದ್ದು ಹಿಂದಿನ ವರ್ಷಗಳ ಸೋತ ಮತಗಳನ್ನು ಎಣಿಸಿಯೇ.

ನಮ್ಮ ನಾಡಿನ ಉದಾಹರಣೆಯನ್ನೂ ಹೇಳಬಹುದು. 1994ರಲ್ಲಿ ರೈತ ಸಂಘದ ಕೆ. ಎಸ್. ಪುಟ್ಟಣ್ಣಯ್ಯನವರು ಪಾಂಡವಪುರದಿಂದ ಗೆದ್ದವರು, ಮತ್ತೆ ವಿಧಾನಸಭೆಗೆ ಬಂದದ್ದು 2013ರಲ್ಲಿ, ಮೇಲುಕೋಟೆಯಿಂದ, ಸರ್ವೋದಯ ಕರ್ನಾಟಕ ಪಕ್ಷದ ಅಭ್ಯರ್ಥಿಯಾಗಿ. ನಡುವಿನ ಸುಮಾರು ಎರಡು ದಶಕಗಳಲ್ಲಿ ಅವರನ್ನು ಬಿಡದೆ ಬೆಂಬಲಿಸಿದ ರೈತರ ಮತಗಳನ್ನು ಯಾವ ಖಾತೆಗೆ ಬರೆಯೋಣ? 2018ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಸೋತು, 2023ರಲ್ಲಿ ಗೆದ್ದರು. ಕಾಂಗ್ರೆಸ್ ಅಲ್ಲಿ ತನ್ನ ಅಭ್ಯರ್ಥಿಯನ್ನು ನಿಲ್ಲಿಸದೆ ಅವರಿಗೆ ದಾರಿ ಬಿಟ್ಟಿತ್ತು.

ಕಾಸರಗೋಡಿನ ಸಮಿತಿಯ ವಿಷಯವನ್ನೂ ನಾನು ಹೀಗೆಯೇ ಕಾಣುತ್ತೇನೆ. ಸಮಿತಿ ಸೋತಿತು, ಆದರೆ ಅದರ ಮತಗಳು ಅಳಿಸಿಹೋಗಲಿಲ್ಲ. ಅದರ ನಂತರ ಮಂಜೇಶ್ವರದಲ್ಲಿ ಗೆದ್ದ ಎಂ. ರಾಮಪ್ಪ, ಡಾ. ಎ. ಸುಬ್ಬರಾವ್ ಅವರು ತುಳು–ಕನ್ನಡ ನೆಲದ ಮಕ್ಕಳೇ. ಸುಬ್ಬರಾವ್ ಅವರು ಕೇರಳದ ಸಚಿವರೂ ಆದರು. 2021ರಲ್ಲಿ ಆ ಕ್ಷೇತ್ರದಿಂದ 745 ಮತಗಳ ಅಂತರದಿಂದ ಗೆದ್ದ ಮುಸ್ಲಿಂ ಲೀಗಿನ ಎ. ಕೆ. ಎಂ. ಅಶ್ರಫ್ ಅವರು ಕೇರಳದ ವಿಧಾನಸಭೆಯಲ್ಲಿ ಪ್ರಮಾಣವಚನವನ್ನು ಕನ್ನಡದಲ್ಲಿ ಸ್ವೀಕರಿಸಿದರು. ಕನ್ನಡವನ್ನು ಅಲಕ್ಷಿಸಿ ಅಲ್ಲಿ ಗೆಲ್ಲಲಾಗದು ಎಂಬ ಪಾಠವನ್ನು ದೊಡ್ಡ ಪಕ್ಷಗಳಿಗೆ ಕಲಿಸಿದವರಲ್ಲಿ 1957ರಿಂದ 1967ರವರೆಗಿನ ಆ ಮತದಾರರೂ ಸೇರಿದ್ದಾರೆಂದು ನನ್ನ ಎಣಿಕೆ.

ಚಿಕ್ಕದೆಲ್ಲವೂ ಪವಿತ್ರವಲ್ಲ

ಆದರೆ ಚಿಕ್ಕ ಪಕ್ಷವೆಂದ ಮಾತ್ರಕ್ಕೆ ಅದು ಶುದ್ಧವೆಂದು ಭಾವಿಸುವುದೂ ತಪ್ಪು. ಅಪ್ನಾ ದಳವೇ ತಾಯಿ–ಮಗಳ ಎರಡು ಬಣಗಳಾಗಿ ಒಡೆಯಿತು. ಚುನಾವಣೆಗೆ ಮೂರು ವಾರ ಮೊದಲು ಹುಟ್ಟಿ, ಎಣಿಕೆಯ ಮರುದಿನ ಮಾಯವಾಗುವ ಪಕ್ಷಗಳಿವೆ. ಎದುರಾಳಿಯ ಮತ ಒಡೆಯಲೆಂದೇ, ಹೆಸರಿನ ಹೋಲಿಕೆಯಿರುವವರನ್ನು ಹುಡುಕಿ ನಿಲ್ಲಿಸುವ ಪರಿಪಾಠ ದೇಶದ ಎಲ್ಲ ಕಡೆಯೂ ಇದೆ. 2014ರಲ್ಲಿ ವಾರಾಣಸಿಯ ಕಣದಲ್ಲಿದ್ದ 42 ಮಂದಿಯಲ್ಲಿ 40 ಮಂದಿ ಠೇವಣಿ ಕಳೆದುಕೊಂಡರು. ಅವರೆಲ್ಲರೂ ತತ್ತ್ವಕ್ಕಾಗಿ ನಿಂತವರೆಂದು ನಂಬುವಷ್ಟು ಮುಗ್ಧತೆ ಬೇಡ. ಸಾಲ ಕೊಡುವಾಗ ನಾವು ಅರ್ಜಿದಾರನ ಮಾತನ್ನಷ್ಟೇ ಕೇಳದೆ ಹಿಂದಿನ ವ್ಯವಹಾರವನ್ನು ನೋಡುವಂತೆ, ಚಿಕ್ಕ ಪಕ್ಷವು ಎರಡು ಚುನಾವಣೆಗಳ ನಡುವಿನ ಐದು ವರ್ಷ ಏನು ಮಾಡಿತೆಂದು ನೋಡಬೇಕು. ಕಾಸರಗೋಡಿನ ಸಮಿತಿಗೂ ರೈತ ಸಂಘಕ್ಕೂ ಚುನಾವಣೆಯಿಲ್ಲದ ವರ್ಷಗಳಲ್ಲಿಯೂ ಕೆಲಸವಿತ್ತು.

2013ರಿಂದ ಮತಯಂತ್ರದಲ್ಲಿ ಬಂದಿರುವ ನೋಟಾ ಗುಂಡಿಯ ಬಗ್ಗೆಯೂ ಒಂದು ಮಾತು. 2024ರಲ್ಲಿ ವಾರಾಣಸಿಯಲ್ಲಿ 8,478 ಮಂದಿ ಅದನ್ನು ಒತ್ತಿದರು. ಲೋಕಸಭೆ, ವಿಧಾನಸಭೆಗಳ ಫಲಿತಾಂಶದ ಮೇಲೆ ಅದಕ್ಕೆ ಪರಿಣಾಮವಿಲ್ಲ. ಅಸಮಾಧಾನವಿದೆಯೆಂದು ಅದು ತಿಳಿಸುತ್ತದೆ. ಏನು ಬೇಕೆಂದು ತಿಳಿಸುವುದಿಲ್ಲ. ಮನಸ್ಸಿಗೆ ಒಪ್ಪುವ ಚಿಕ್ಕ ಅಭ್ಯರ್ಥಿಯಿದ್ದರೆ ನೋಟಾಕ್ಕಿಂತ ಆ ಮತ ಮೇಲೆಂಬುದು ನನ್ನ ಅಭಿಪ್ರಾಯ.

ನಾನು ಕಂಡುಕೊಂಡ ನಿಯಮ

ಹಾಗಾದರೆ ಮತದಾರನು ಏನು ಮಾಡಬೇಕು? ತಂದೆಯವರ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾನು ಎರಡು ಪರೀಕ್ಷೆಗಳನ್ನು ಮಾಡಿಕೊಂಡಿದ್ದೇನೆ. ಮೊದಲನೆಯದು: ನನ್ನ ಕ್ಷೇತ್ರದಲ್ಲಿ ಸ್ಪರ್ಧೆ ನಿಜವಾಗಿಯೂ ನಿಕಟವಾಗಿದೆಯೇ? ಇದನ್ನು ಚಹದಂಗಡಿಯ ‘ಹವಾ’ದಿಂದಲ್ಲ, ಹಿಂದಿನ ಎರಡು–ಮೂರು ಚುನಾವಣೆಗಳ ಅಂಕಿಗಳಿಂದ ತಿಳಿಯಬೇಕು. ಎರಡನೆಯದು: ನನಗೆ ಅತ್ಯಂತ ಮುಖ್ಯವಾದ ವಿಷಯದಲ್ಲಿ ಗೆಲ್ಲಬಲ್ಲ ಅಭ್ಯರ್ಥಿಗಳ ನಡುವೆ ಗಣನೀಯವಾದ ವ್ಯತ್ಯಾಸವಿದೆಯೇ? ಈ ಎರಡಕ್ಕೂ ಹೌದೆಂಬ ಉತ್ತರ ಬಂದರೆ ನಾಚಿಕೆಯಿಲ್ಲದೆ ಲೆಕ್ಕಾಚಾರದ ಮತ ಹಾಕಬಹುದು. ಒಂದಕ್ಕೆ ಇಲ್ಲವೆಂದು ಬಂದರೂ ಮನಸ್ಸಿಗೆ ಒಪ್ಪಿದವರಿಗೇ ಮತ ಹಾಕುವುದು ನ್ಯಾಯ. ಅವರು ಗೆಲ್ಲದಿದ್ದರೂ ಚಿಂತೆಯಿಲ್ಲ.

2016ರಲ್ಲಿ ನನ್ನ ತಪ್ಪು ಎಲ್ಲಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೊದಲ ಪರೀಕ್ಷೆಯಲ್ಲಿ ನಾನು ಸರಿ. 89ರ ಅಂತರಕ್ಕಿಂತ ನಿಕಟವಾದ ಸ್ಪರ್ಧೆ ಅಪರೂಪ. ಎರಡನೆಯದನ್ನು ನಾನು ಕೇಳಲೇ ಇಲ್ಲ. ತಂದೆಯವರಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದುದು ಕನ್ನಡ ಶಾಲೆಗಳ ಪ್ರಶ್ನೆ. ಆ ಒಂದು ವಿಷಯದಲ್ಲಿ ದೊಡ್ಡ ಪಕ್ಷಗಳ ನಡುವೆ ಅವರಿಗೆ ಕಂಡ ವ್ಯತ್ಯಾಸ ಅತ್ಯಲ್ಪ. ಬೇರೊಬ್ಬ ಮತದಾರನಿಗೆ ಅದೇ ಕ್ಷೇತ್ರದಲ್ಲಿ, ಅದೇ ದಿನ, ಆ ವ್ಯತ್ಯಾಸ ಬೆಟ್ಟದಷ್ಟು ದೊಡ್ಡದಾಗಿ ಕಂಡಿರಬಹುದು. ಅವನಿಗೆ ಲೆಕ್ಕಾಚಾರದ ಮತವೇ ಸರಿ. ಅಂಕಗಣಿತ ಇಬ್ಬರಿಗೂ ಒಂದೇ. ಬೆಲೆ ಕಟ್ಟುವ ಹಕ್ಕು ಮಾತ್ರ ಅವರವರದು.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ಮರೆಮಾಚುವುದಿಲ್ಲ. ಸ್ಪರ್ಧೆ ನಿಕಟವೋ ಅಲ್ಲವೋ ಎಂಬುದು ಎಣಿಕೆಗೆ ಮೊದಲು ಯಾರಿಗೆ ಗೊತ್ತು? ಸಂತೇಮರಹಳ್ಳಿಯಲ್ಲಿ ಒಂದು ಮತದ ಅಂತರ ಬರುವುದೆಂದು ಯಾರೂ ಕನಸು ಕಂಡಿರಲಿಲ್ಲ. ವಾರಾಣಸಿಯ ಅಂತರ ಐದು ವರ್ಷಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಇಳಿಯುವುದೆಂದು ನಾನೂ ಎಣಿಸಿರಲಿಲ್ಲ. ಈ ಆಕ್ಷೇಪ ಸಾಧುವೇ. ನಾನು ಹೇಳಬಲ್ಲುದು ಇಷ್ಟು: ಬ್ಯಾಂಕಿನಲ್ಲಿ ನಾವು ಕೊಡುವ ಪ್ರತಿಯೊಂದು ಸಾಲವೂ ಸಂಭಾವ್ಯತೆಯ ಮೇಲೆಯೇ ನಿಂತಿದೆ, ಖಚಿತತೆಯ ಮೇಲಲ್ಲ. ಹಿಂದಿನ ಬಾರಿ ನಾಲ್ಕು ಲಕ್ಷಕ್ಕೂ ಮೀರಿದ ಅಂತರವಿದ್ದ ಕ್ಷೇತ್ರವನ್ನು ನಿಕಟವೆಂದು ಹೆದರಿಸುವವರಿಗೂ, ಸಾವಿರ ಮತಗಳೊಳಗೆ ತೀರ್ಮಾನವಾಗುವ ಕ್ಷೇತ್ರವನ್ನು ಸುರಕ್ಷಿತವೆಂದು ನಂಬಿಸುವವರಿಗೂ ಕಿವಿಗೊಡದಿದ್ದರೆ ಬಹುಮಟ್ಟಿಗೆ ಸಾಕು.

ಮೇಲಿನ ಅರ್ಥದಲ್ಲಿ ನಮ್ಮ ಮಗಳ ಮತ ವ್ಯರ್ಥವಾಗಿರಲಿಲ್ಲ. ಅಂದು ರಾತ್ರಿ ನಾನು ಅವಳಿಗೆ ಈ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿ, ಉತ್ತರವನ್ನು ನಿನ್ನಲ್ಲೇ ಇಟ್ಟುಕೋ ಎಂದೆ. ಮರುದಿನ ಅವಳು ಊರಿಗೆ ಫೋನು ಮಾಡಿ ಅಜ್ಜನನ್ನೂ ಕೇಳಿದಳಂತೆ. “ನೀನು ಓದಿದವಳು, ಯೋಚಿಸಿಯೇ ಹಾಕುತ್ತೀ. ಹಾಕಿ ಬಂದ ಮೇಲೆ ಯಾರಿಗೆ ಹಾಕಿದೆ ಎಂದು ನಿನಗೆ ನೀನೇ ಹೇಳಿಕೊಳ್ಳುವಾಗ ಬೇಸರವಾಗದಿದ್ದರೆ ಸಾಕು” ಎಂದರಂತೆ ತಂದೆಯವರು. ಜೂನ್ 1ರ ರಾತ್ರಿ ಮತಗಟ್ಟೆಯ ಕೆಲಸ ಮುಗಿಸಿ, ಬಿಸಿಲಿಗೆ ಬೆಂದು ಮನೆಗೆ ಬಂದಾಗ ಮಗಳು ಶಾಯಿ ಹಚ್ಚಿದ ಬೆರಳನ್ನು ತೋರಿಸಿದಳು. ಯಾರಿಗೆ ಹಾಕಿದಳೆಂದು ಇಂದಿಗೂ ನನಗೆ ಗೊತ್ತಿಲ್ಲ. ಎಣಿಕೆಯಾದಾಗ 7 ಮಂದಿಯಲ್ಲಿ 5 ಮಂದಿ ಠೇವಣಿ ಕಳೆದುಕೊಂಡಿದ್ದರು. ಮಗಳು ಅದನ್ನು ಪತ್ರಿಕೆಯಲ್ಲಿ ಓದಿ, ಬೇಸರಪಡದೆ ಕಾಲೇಜಿಗೆ ಹೊರಟಳು.

ಕೊನೆಯದಾಗಿ ಹೊರನಾಡ ಬಂಧುಗಳಲ್ಲಿ ಒಂದು ವಿನಂತಿ. ಮಹಾನಗರಗಳಲ್ಲಿ ನಾವು ಕನ್ನಡಿಗರು ಯಾವ ಕ್ಷೇತ್ರದಲ್ಲಿಯೂ ಫಲಿತಾಂಶವನ್ನು ತಿರುಗಿಸುವಷ್ಟು ಸಂಖ್ಯೆಯಲ್ಲಿಲ್ಲ. ‘ನಮ್ಮ ನಾಲ್ಕು ಮತಗಳಿಂದ ಏನಾದೀತು’ ಎಂದು ಅನೇಕರು ಮತದಾರರ ಪಟ್ಟಿಯಲ್ಲಿ ಹೆಸರನ್ನೇ ಸೇರಿಸಿರುವುದಿಲ್ಲ. ಇನ್ನು ಕೆಲವರ ಹೆಸರು ಎಂದೋ ಬಿಟ್ಟುಬಂದ ಊರಿನ ಪಟ್ಟಿಯಲ್ಲಿ ಉಳಿದುಬಿಟ್ಟಿರುತ್ತದೆ. ಒಂದು ಅರ್ಥದಲ್ಲಿ ನಾವೆಲ್ಲರೂ ಒಂದು ಚಿಕ್ಕ ಪಕ್ಷವೇ. ಆದುದರಿಂದ ವಾಸವಿರುವ ಕ್ಷೇತ್ರದ ಪಟ್ಟಿಗೆ ಹೆಸರನ್ನು ವರ್ಗಾಯಿಸಿಕೊಳ್ಳೋಣ. ಲೆಕ್ಕ ಹಾಕಿ ಮತ ಹಾಕಿದವರನ್ನು ಅವಕಾಶವಾದಿಗಳೆಂದೂ, ನಂಬಿ ಮತ ಹಾಕಿದವರನ್ನು ಮೂರ್ಖರೆಂದೂ ಕರೆಯದಿರೋಣ. ವಿಶೇಷವಾಗಿ, ಮನೆಯ ಹಿರಿಯರ ಮತಕ್ಕೆ ನಮ್ಮ ಕಾಗದ–ಪೆನ್ಸಿಲುಗಳಿಂದ ಬೆಲೆ ಕಟ್ಟುವ ಮೊದಲು, ಅವರು ಏನನ್ನು ಕೇಳುತ್ತಿದ್ದಾರೆಂದು ಒಂದು ಗಳಿಗೆ ಕುಳಿತು ಕೇಳೋಣ. ನಾನು ತಡವಾಗಿ ಕಲಿತದ್ದು ಇದನ್ನೇ.